ಅತ್ತೆ ಸೊಸೆ ಚೆನ್ನಾಗಿದ್ದಾರೆ

ಆ ಪೇಟೆಯಲ್ಲಿ ಐದಂತಸ್ತಿಗಿಂತ ಎತ್ತರದ ಕಟ್ಟಡ ಇದ್ದವರಿಗೆಲ್ಲ ಅವನ ಫೋನ್ ನಂಬರು ಬಾಯಿಪಾಠ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟರೆ, ಬಾಗಿಲು ಮುಚ್ಚಲು ಮುನಿಸಿಕೊಂಡರೆ, ಮೇಲೇರುವಾಗ ಮುದುಕರ ಮಂಡಿಯಂತೆ ಕಟಕಟ ಎಂದರೆ ಅವನೇ ಬರಬೇಕು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ಲಿಫ್ಟಣ್ಣ. ವಯಸ್ಸು ನಲವತ್ತೊಂದು. ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗದ ಗ್ರೀಸು, ಭುಜಕ್ಕೆ ಯಾವಾಗಲೂ ನೇತುಹಾಕಿಕೊಂಡ ಹತಾರದ ಚೀಲ, ಯಾರೊಂದಿಗೂ ಕಾಲು ಕೆರೆದು ಜಗಳಕ್ಕೆ ಹೋಗದ ಸ್ವಭಾವ. ಅವನಿಗೆ ಹೊಟ್ಟೆಕಿಚ್ಚು ಇದೆ ಎಂದರೆ ಅವನನ್ನು ಬಲ್ಲವರು ಯಾರೂ ನಂಬುತ್ತಿರಲಿಲ್ಲ. ಅದೂ ಯಾರ ಮೇಲೆ? ಹೆತ್ತ ತಾಯಿಯ ಮೇಲೆ.

ಅವನ ಹೆಂಡತಿ ಅವನಿಗೆ ಸಿಕ್ಕಿದ್ದೂ ಲಿಫ್ಟಿನಲ್ಲೇ. ದೊಡ್ಡಾಸ್ಪತ್ರೆಯ ಲಿಫ್ಟು ಒಂದು ಮಧ್ಯಾಹ್ನ ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಕೆಟ್ಟು ನಿಂತಿತ್ತು. ಒಳಗೆ ಗಾಲಿಕುರ್ಚಿಯಲ್ಲಿ ಸೊಂಟದ ಆಪರೇಷನ್ ಆದ ಒಬ್ಬ ಅಜ್ಜ, ಜೊತೆಯಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಒಬ್ಬಳು. ಮುಕ್ಕಾಲು ಗಂಟೆ ಒದ್ದಾಡಿ ಇವನು ಬಾಗಿಲು ಬಿಡಿಸಿದಾಗ ಇವನ ತಲೆ ಸರಿಯಾಗಿ ಅವಳ ಬೂಟಿನ ಮಟ್ಟಕ್ಕೆ ಬಂದಿತ್ತು. ಒಳಗಿದ್ದವರು ಬೆವರಿ ಕಂಗಾಲಾಗಿರುತ್ತಾರೆ ಎಂದುಕೊಂಡಿದ್ದ. ಅವಳು ಬಗ್ಗಿ ನೋಡಿ, “ಇನ್ನೊಂದೈದು ನಿಮಿಷ ತಡೀರಿ, ಇವರ ಪ್ರೇಮಕಥೆ ಈಗ ತಾನೇ ರಂಗೇರ್ತಾ ಇದೆ” ಎಂದಳು. ಅಜ್ಜ ನಾಚಿಕೊಂಡ. ಲಿಫ್ಟಣ್ಣ ಅಲ್ಲೇ ಮರುಳಾದ.

ಅವಳ ಮೈಬಣ್ಣ ಕಡುಗಪ್ಪು, ಕೂದಲು ಬಾಚಣಿಗೆಗೆ ಬಗ್ಗದ ಗುಂಗುರು. ಅವಳ ತಾತನ ಕಾಲದಲ್ಲಿ ಬಂದರಿನ ಕೆಲಸಕ್ಕೆಂದು ಹಡಗಿನಲ್ಲಿ ಬಂದು ನೆಲೆಸಿದ ಜನ ಅವರು. ಮೂರು ತಲೆಮಾರು ಇದೇ ಊರಿನ ನೀರು ಕುಡಿದಿದ್ದರೂ “ನೀವು ಮೂಲ ಎಲ್ಲಿಯೋರು?” ಎಂಬ ಪ್ರಶ್ನೆ ಅವರಿಗೆ ತಪ್ಪಿದ್ದಲ್ಲ. ಪ್ರಾರ್ಥನೆಯೂ ಬೇರೆ, ದೇವರೂ ಬೇರೆ. ಮದುವೆಯ ಮಾತು ತೆಗೆದಾಗ ಅವನ ತಾಯಿ ಹುಬ್ಬು ಕೂಡ ಅಲುಗಿಸದೆ ಹೇಳಿದ್ದಳು: “ಅವಳ ಬಣ್ಣ ಬೇರೆ, ದೇವರು ಬೇರೆ, ಅವರ ಓಣಿಯೋರು ಹಾಕೋ ವೋಟೂ ಬೇರೆ. ನಾನು ಬರಲ್ಲ.”

“ಬರದಿದ್ರೆ ಬಿಡು” ಎಂದು ಇವನು ಎದ್ದುಬಂದ. ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳ ಕಡೆಯವರು ಹನ್ನೊಂದು ಜನ, ಇವನ ಕಡೆಯಿಂದ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ ಒಬ್ಬರೇ.

ಬಾಡಿಗೆ ಮನೆಗೆ ಕಾಲಿಟ್ಟ ಮೊದಲ ದಿನವೇ ಅವನು ಒಂದು ಕಾನೂನು ಹೊರಡಿಸಿದ. “ನೋಡು, ಈ ಹೊಸಿಲು ದಾಟಿ ಮೂರು ವಿಷಯ ಒಳಗೆ ಬರಬಾರದು. ಬಣ್ಣ, ದೇವರು, ವೋಟು. ಹೊರಗೆ ಜನ ಹೊಡೆದಾಡ್ಕೊಂಡು ಸಾಯ್ಲಿ. ಇಲ್ಲಿ ನೀನು ನೀನೇ, ನಾನು ನಾನೇ.” ಅವಳು ನಕ್ಕಳು. ಆ ನಗುವನ್ನು ಅವನು ಒಪ್ಪಿಗೆ ಎಂದು ಬರೆದುಕೊಂಡ. ಆಮೇಲೆ ಒಂಬತ್ತು ವರ್ಷ ಆ ಕಾನೂನನ್ನು ಕಂಡಕಂಡವರ ಮುಂದೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ. ಮಗಳು ಹುಟ್ಟಿ ಎಂಟು ವರ್ಷದವಳಾದಳು. ಮನೆಯಲ್ಲಿ ಒಂದು ದಿನವೂ ಧ್ವನಿ ಏರಿದ್ದಿಲ್ಲ. ತಾನು ತಾಯಿಯನ್ನೇ ಬಿಟ್ಟು ಕಟ್ಟಿದ ಸಂಸಾರ ಎಂಬ ಅಭಿಮಾನ ಅವನಿಗೆ ಬೆನ್ನೆಲುಬಿನಂತಿತ್ತು.

ತಾಯಿ ಇದ್ದದ್ದು ಮೂರನೇ ಮಹಡಿಯಲ್ಲಿ. ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವವನ ತಾಯಿಯ ಕಟ್ಟಡಕ್ಕೇ ಲಿಫ್ಟಿರಲಿಲ್ಲ. ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ಬೆರಳುಗಳು ಸೆಟೆದು ಕಟ್ಟಿಗೆಯಾಗಿದ್ದವು. ಎರಡು ತಿಂಗಳು ದಿನಾ ವ್ಯಾಯಾಮ ಆಗಬೇಕು ಎಂದರು ಡಾಕ್ಟರು.

“ಮೂರು ಮಹಡಿ ಇಳಿದು ದಿನಾ ಆಸ್ಪತ್ರೆಗೆ ಹೇಗೆ ಬರ್ತಾರೆ? ಇಲ್ಲಿಗೇ ಕರ್ಕೊಂಡು ಬಾ” ಎಂದಳು ಹೆಂಡತಿ.

“ನಿನಗೆ ಹುಚ್ಚಾ? ಅವಳ ನಾಲಿಗೆ ನಿನಗೆ ಗೊತ್ತಿಲ್ಲ.”

“ನಾನು ನೋಡ್ಬೇಕಾಗಿರೋದು ಕೈ. ನಾಲಿಗೆಯಲ್ಲ.”

ತಾಯಿ ಬಂದಳು, ಒಂದು ಚೀಲ ಮತ್ತು ಗಂಟಿಕ್ಕಿದ ಮುಖದೊಂದಿಗೆ. ಲಿಫ್ಟಣ್ಣ ಯುದ್ಧಕ್ಕೆ ಸಿದ್ಧನಾದ. ಅಮ್ಮ ಒಂದು ಮಾತು ಜಾರಿಸಲಿ, ಹೆಂಡತಿಗೆ ಅಡ್ಡವಾಗಿ ಗೋಡೆಯಂತೆ ನಿಲ್ಲುತ್ತೇನೆ ಎಂದು ಒಳಗೊಳಗೇ ತೋಳೇರಿಸಿದ್ದ. ಹಾಗೆ ನಿಲ್ಲುವ ಆಸೆಯೂ ಅವನಿಗೆ ಸ್ವಲ್ಪ ಇತ್ತು.

ಮೊದಲ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಬೆಚ್ಚನೆ ನೀರಿನ ಬೋಗುಣಿ, ಸುರುಳಿ ಸುತ್ತಿದ ಟವೆಲು, ಒಂದು ಸ್ಪಂಜು. ಹೆಂಡತಿ ಅತ್ತೆಯ ಕೈಯನ್ನು ನೀರಿನಲ್ಲಿ ಅದ್ದಿ, ಒಂದೊಂದೇ ಬೆರಳನ್ನು ಹೆಬ್ಬೆರಳಿಗೆ ಮುಟ್ಟಿಸತೊಡಗಿದಳು. ಅತ್ತೆ ಅವಳ ಕೈಯನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಬಾಯಿಬಿಟ್ಟಳು: “ಇದೇನೇ, ನಿನ್ನ ಅಂಗೈ ನನ್ನ ಥರಾನೇ ಬೆಳ್ಳಗಿದೆ!”

“ಅಮ್ಮಾ!” ಎಂದು ಲಿಫ್ಟಣ್ಣ ಚಾಕು ಹಿಡಿದ ಕೈಯಲ್ಲೇ ಎದ್ದ. ಬ್ರೆಡ್ಡು ಕೊಯ್ಯುತ್ತಿದ್ದ.

ಹೆಂಡತಿ ಬೆರಳು ಮಡಿಸುವುದನ್ನು ನಿಲ್ಲಿಸಲಿಲ್ಲ. “ಹೌದತ್ತೆ, ಬಣ್ಣ ಬಳಿಯೋನು ನನ್ನ ಅಂಗೈಗೆ ಬರೋ ಹೊತ್ತಿಗೆ ಡಬ್ಬ ಖಾಲಿಯಾಯ್ತಂತೆ. ನಿಮ್ಮ ಪಾಳಿ ಬಂದಾಗ ಅಂಗಡೀನೇ ಮುಚ್ಚಿತ್ತು ಅನ್ಸುತ್ತೆ.”

ತಾಯಿಯ ಮೂಗಿನಿಂದ ಒಂದು ವಿಚಿತ್ರ ಶಬ್ದ ಬಂತು. ನಗು. “ದೇವರನ್ನ ಬಣ್ಣ ಬಳಿಯೋನು ಅಂತೀಯಾ? ಪಾಪ ತಟ್ಟುತ್ತೆ.”

“ನಾನಂದಿದ್ದು ನಮ್ಮ ದೇವರಿಗೆ. ಅವನಿಗೆ ತಮಾಷೆ ಅರ್ಥ ಆಗುತ್ತೆ.”

“ನೋಡು, ಅಮ್ಮ ಹೀಗೆಲ್ಲ ಮಾತಾಡಿದ್ರೆ ನಾನು...” ಎಂದು ಲಿಫ್ಟಣ್ಣ ಶುರುಮಾಡಿದ.

“ನೀನು ಬ್ರೆಡ್ ಕೊಯ್ಯಿ” ಎಂದಳು ಹೆಂಡತಿ, ತಿರುಗಿಯೂ ನೋಡದೆ.

ಅವನು ಕೊಯ್ದ. ತುಂಡುಗಳು ಒಂದು ದಪ್ಪ, ಒಂದು ತೆಳು ಬಂದವು. ನಮ್ಮ ದೇವರು! ಒಂಬತ್ತು ವರ್ಷದಲ್ಲಿ ಆ ಎರಡು ಪದಗಳನ್ನು ಅವಳ ಬಾಯಿಂದ ಅವನು ಕೇಳಿದ್ದಿಲ್ಲ. ಅವಳಿಗೆ ಇನ್ನೂ ದೇವರು ಇದ್ದಾನೆ ಎಂಬುದೇ ಅವನಿಗೆ ಹೊಸ ಸುದ್ದಿ.

ಅಲ್ಲಿಂದ ಶುರುವಾಯಿತು. ದಿನಾ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಆ ಮೇಜಿನ ಮುಂದೆ ಇಬ್ಬರೂ ಕೂರುತ್ತಿದ್ದರು. ಮುಂಗೈ ತಿರುಗಿಸುವ ವ್ಯಾಯಾಮಕ್ಕೆ ಭಾರದ್ದೊಂದು ವಸ್ತು ಬೇಕಾಗಿ ಅವನ ಚೀಲದಿಂದ ಹನ್ನೆರಡನೇ ನಂಬರಿನ ಸ್ಪ್ಯಾನರು ಹೋಯಿತು. ಅದನ್ನು ಹಿಡಿದು ತಾಯಿ ಕೈಯನ್ನು ಅತ್ತ ಇತ್ತ ತಿರುಗಿಸುತ್ತ ವಾದ ಮಾಡುವುದು ನೋಡಿದರೆ ಯಾರಿಗೋ ಹೊಡೆಯಲು ಹೊರಟಂತೆ ಕಾಣುತ್ತಿತ್ತು. ಸ್ವರ್ಗಕ್ಕೆ ಯಾರು ಹೋಗುತ್ತಾರೆ ಎಂದು ವಾದ. ಸತ್ತವರಿಗಾಗಿ ಅಳಬಹುದೇ ಬೇಡವೇ ಎಂದು ವಾದ. “ನಿಮ್ಮೋರು ಬಸ್ಸಲ್ಲಿ ಅಷ್ಟು ಜೋರಾಗಿ ಯಾಕೆ ಮಾತಾಡ್ತಾರೆ?” ಎಂದು ಅತ್ತೆ, “ನಿಮ್ಮೋರು ನಮ್ಮ ಪಕ್ಕದ ಸೀಟು ಬಿಟ್ಟು ದೂರ ಕೂರ್ತಾರಲ್ಲ, ಅವರಿಗೂ ಕೇಳ್ಲಿ ಅಂತ” ಎಂದು ಸೊಸೆ. ಮಾತಿಗೆ ಮಾತು ಬೆಳೆದು, ಧ್ವನಿ ಏರಿ, ಇನ್ನೇನು ಬೋಗುಣಿ ಹಾರುತ್ತದೆ ಎನ್ನುವಾಗ ಇಬ್ಬರೂ ಗೊಳ್ಳೆಂದು ನಗುತ್ತಿದ್ದರು. ಇವನು ಒಳಗೆ ಬಂದರೆ ಸಾಕು, ನಗು ದಾರ ಕತ್ತರಿಸಿದಂತೆ ನಿಲ್ಲುತ್ತಿತ್ತು. “ನೀರು ಆರಿಹೋಯ್ತು ಕಣಮ್ಮ” ಎಂದು ಒಬ್ಬಳು, “ಬಿಸಿ ಮಾಡ್ತೀನಿ ಅತ್ತೆ” ಎಂದು ಇನ್ನೊಬ್ಬಳು.

ಆಗ ಊರಿನಲ್ಲಿ ಚುನಾವಣೆ ಕಾವೇರಿತ್ತು. ಹೊರಗಿನಿಂದ ಬಂದವರ ಮಕ್ಕಳು ಮೊಮ್ಮಕ್ಕಳೆಲ್ಲ ಹಳೆಯ ದಾಖಲೆ ತೋರಿಸಿ ಮತ್ತೆ ಹೆಸರು ಬರೆಸಬೇಕು ಎಂದು ಒಂದು ಪಕ್ಷ ಗೋಡೆಗೋಡೆಗೂ ಭಿತ್ತಿಪತ್ರ ಅಂಟಿಸಿತ್ತು. ಒಂದು ಸಂಜೆ ಅವನು ಮನೆಯ ಬಾಗಿಲಿಗೆ ಬೀಗದಕೈ ಹಾಕುವಾಗ ಒಳಗಿನ ಮಾತು ಕಿವಿಗೆ ಬಿತ್ತು. ಕೈ ಅಲ್ಲೇ ನಿಂತಿತು.

“ಕಾಗದ ಇದ್ರೆ ತೋರಿಸೋಕೇನು ರೋಗ?” ತಾಯಿಯ ಧ್ವನಿ.

“ನಿಮ್ಮನ್ನ ಯಾರಾದ್ರೂ ಕೇಳಿದಾರಾ?”

“ನನ್ನನ್ಯಾಕೆ ಕೇಳ್ತಾರೆ?”

“ಅದೇ ಅತ್ತೆ. ಅಷ್ಟೇ ನಾನು ಹೇಳೋದು.”

ಆಮೇಲೆ ಹೆಂಡತಿ ತನ್ನ ತಾತನ ವಿಷಯ ಹೇಳತೊಡಗಿದಳು. ಆತ ಬಂದರಿಗೆ ಬಂದ ದಿನ ಕೊಟ್ಟ ಕಾಗದವನ್ನು ತಗಡಿನ ಡಬ್ಬದಲ್ಲಿಟ್ಟು ಮೇಣ ಹಾಕಿ ಮುಚ್ಚಿದ್ದನಂತೆ. ಮನೆಗೆ ಬೆಂಕಿ ಬಿದ್ದಾಗ ಮಕ್ಕಳನ್ನು ಹೊರಗೆ ಬಿಟ್ಟು ಮತ್ತೆ ಒಳಗೆ ನುಗ್ಗಿ ಆ ಡಬ್ಬ ತಂದನಂತೆ; ತಂದ ಕೈಯಲ್ಲಿ ಚರ್ಮ ಉಳಿದಿರಲಿಲ್ಲವಂತೆ. “ಆ ಸುಟ್ಟ ಕೈ ನೋಡ್ತಾ ನೋಡ್ತಾನೇ ನಾನು ಈ ಕೆಲಸ ಕಲಿತಿದ್ದು” ಎಂದಳು.

ಅವಳ ತಾತ ಬಂದರಿನಲ್ಲಿ ಕೆಲಸ ಮಾಡಿದ್ದ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ತನ್ನ ಹೆಂಡತಿ ಯಾಕೆ ಈ ಕೆಲಸ ಹಿಡಿದಳು ಎಂದು ಅವನು ಕೇಳಿಯೇ ಇರಲಿಲ್ಲ. ಈಗ ಅದು ಗೊತ್ತಾದದ್ದು ಯಾರಿಗೆ? ಮದುವೆಗೆ ಬರಲ್ಲ ಎಂದವಳಿಗೆ! ಹೊಟ್ಟೆಯೊಳಗೆ ಯಾರೋ ಕೆಂಡದ ಮೇಲೆ ಗಾಳಿ ಊದಿದಂತಾಯಿತು.

ಬೇರೆ ಗಂಡಸಾಗಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ನಾಲ್ಕು ಜನರ ಮುಂದೆ ಹೇಳಿಕೊಂಡರೆ ಅಯ್ಯೋ ಎನ್ನುವವರಾದರೂ ಸಿಗುತ್ತಿದ್ದರು. ಮರುದಿನ ಒಂದು ಕಚೇರಿ ಕಟ್ಟಡದ ತಾರಸಿಯಲ್ಲಿ, ಮೋಟಾರು ಕೋಣೆಯೊಳಗೆ ಬ್ರೇಕು ಬಿಗಿಯುತ್ತಿದ್ದಾಗ ಹಿರಿಯ ಮೇಸ್ತ್ರಿ ಕೇಳಿದರು: “ಏನಯ್ಯಾ, ಮನೇಲಿ ಅತ್ತೆ ಸೊಸೆ ಹೇಗಿದಾರೆ?”

“ಚೆನ್ನಾಗಿದಾರೆ” ಎಂದ ಲಿಫ್ಟಣ್ಣ. “ತುಂಬಾ ಚೆನ್ನಾಗಿದಾರೆ.”

ಮೇಸ್ತ್ರಿ ಅವನ ಮುಖ ನೋಡಿ ಸ್ಪ್ಯಾನರು ಕೆಳಗಿಟ್ಟರು. “ಅತ್ತೆ ಸೊಸೆ ಚೆನ್ನಾಗಿದಾರೆ ಅಂತ ಮುಖ ಊದಿಸ್ಕೊಂಡೋನು ಈ ಭೂಮಿ ಮೇಲೆ ನೀನೊಬ್ಬನೇ ಇರಬೇಕು ಕಣಯ್ಯಾ. ಮೊದಲು ಆ ಬೋಲ್ಟು ಬಿಡು. ಬಿಗಿದು ಬಿಗಿದು ಮುರಿದು ಹಾಕ್ತೀಯ.”

ಅವತ್ತು ರಾತ್ರಿಯೂಟಕ್ಕೆ ಕೂತಾಗ ಅವನು ಗಂಟಲು ಸರಿಮಾಡಿಕೊಂಡು, ಆದಷ್ಟು ಸಹಜವಾಗಿ ಕೇಳಿದ: “ಮತ್ತೆ... ಈ ಸಲ ಯಾರಿಗೆ ವೋಟು ಹಾಕೋದು ಅಂತ?”

ಮೇಜಿನ ಸುತ್ತ ಚಮಚಗಳು ನಿಂತವು. ಮಗಳು ಕಣ್ಣರಳಿಸಿ, “ಅಪ್ಪಾ! ಅದು ಆ ಮೂರರಲ್ಲಿ ಒಂದು!” ಎಂದು ಕೂಗಿದಳು.

ಹೆಂಡತಿ ತಲೆ ತಗ್ಗಿಸಿದಳು. ತಾಯಿ ಕೆಮ್ಮಿದಳು. ಆಮೇಲೆ ಮೂರು ಹೆಂಗಸರೂ ಒಟ್ಟಿಗೇ ನಕ್ಕುಬಿಟ್ಟರು, ತಡೆಯಲಾರದೆ. ಅವನೂ ನಗಬೇಕಾಯಿತು.

ಅವನು ಕಳ್ಳನಂತೆ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರತೊಡಗಿದ. ಬಾಗಿಲ ಹೊರಗೆ ನಿಂತು ಕೇಳುವುದು, ಆಮೇಲೆ ಗಟ್ಟಿಯಾಗಿ ಬೀಗದಕೈ ಅಲುಗಾಡಿಸಿ ಒಳಗೆ ಬರುವುದು ಚಟವಾಯಿತು. ಹಾಗೆ ಒಂದು ದಿನ ನಾಲ್ಕು ಗಂಟೆಗೆ ಬಂದಾಗ ತಾಯಿ ಕೇಳುತ್ತಿದ್ದಳು: “ಮಗು ಯಾಕೆ ಅಷ್ಟೊಂದು ಸಲ ಕೈ ತೊಳ್ಕೋತಾಳೆ?”

ಹೆಂಡತಿ ಹೇಳಿದಳು. ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ಕೈ ಕೈ ಹಿಡಿದು ನಿಲ್ಲಿಸಿದಾಗ ಒಂದು ಹುಡುಗಿ ಇವಳ ಕೈ ಹಿಡಿಯಲಿಲ್ಲ. ಹಿಡಿದರೆ ಬಣ್ಣ ಅಂಟುತ್ತದೆ ಎಂದಳು. ಮಗಳು ಅವತ್ತು ಮನೆಗೆ ಬಂದು ಸೋಪು ಸವೆಯುವವರೆಗೆ ಕೈ ತೊಳೆದಳು. ಮೂರು ತಿಂಗಳಾಯಿತು.

“ಇವನಿಗೆ ಹೇಳಿದೆಯಾ?”

“ಇಲ್ಲ.”

“ಒಳ್ಳೇದು ಮಾಡಿದೆ” ಎಂದಳು ತಾಯಿ.

ಆ ಎರಡು ಪದ ಅವನ ಕರುಳಿಗೆ ಚುಚ್ಚಿದಂತೆ ಆ ಅಪರಿಚಿತ ಹುಡುಗಿಯ ಮಾತೂ ಚುಚ್ಚಲಿಲ್ಲ. ಅದು ಆಮೇಲೆ ಅವನಿಗೇ ನಾಚಿಕೆ ತಂದ ಸಂಗತಿ. ತನ್ನ ಮಗಳು, ತನ್ನ ಹೆಂಡತಿ, ತನ್ನ ಮನೆ. ಹೇಳಬೇಡ ಎನ್ನಲು ಇವಳು ಯಾರು? ಅವನು ಅವತ್ತು ಒಳಗೆ ಹೋಗಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಎರಡು ಬೀದಿ ಸುತ್ತಿ, ಎಂದಿನ ಹೊತ್ತಿಗೇ ಮನೆಗೆ ಬಂದ.

ಮರುದಿನ ಹೆಂಡತಿ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಅವನು ತಾಯಿಯ ಎದುರು ಕೂತ.

“ಅಮ್ಮ, ಅವಳಿಗೆ ತುಂಬಾ ಸುಸ್ತಾಗಿದೆ. ದಿನವೆಲ್ಲ ಆಸ್ಪತ್ರೇಲಿ ಅದೇ ಕೆಲಸ, ಮನೇಲೂ ಅದೇ. ಬಾಯಿಬಿಟ್ಟು ಹೇಳಲ್ಲ ಅಷ್ಟೇ.”

ತಾಯಿ ಸ್ಪ್ಯಾನರು ತಿರುಗಿಸುವುದನ್ನು ನಿಲ್ಲಿಸಿದಳು. “ಅವಳೇ ಹೇಳಿದ್ಲಾ?”

“ಹೂಂ” ಎಂದ.

ಒಂದೇ ಒಂದು ಅಕ್ಷರ. ತಾಯಿ ಎದ್ದು ಎಡಗೈಯಲ್ಲಿ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು. ಜಿಪ್ಪು ಎಳೆಯಲು ಬಲಗೈ ಬೆರಳು ಬಗ್ಗಲಿಲ್ಲ, ಅವನೇ ಎಳೆದ. ಟ್ಯಾಕ್ಸಿಯಲ್ಲಿ ಕರೆದೊಯ್ದು, ಚೀಲ ಹೊತ್ತು ಮೂರು ಮಹಡಿ ಹತ್ತಿಸಿ ಬಂದ.

“ಅಮ್ಮನಿಗೆ ತನ್ನ ಮನೆ ನೆನಪಾಯ್ತಂತೆ” ಎಂದ ಸಂಜೆ ಹೆಂಡತಿಗೆ.

ಅವಳು ಕುರ್ಚಿಯ ಬೆನ್ನಿಗೆ ಹಾಕಿದ್ದ ಟವೆಲನ್ನು ನಿಧಾನವಾಗಿ ಮಡಚಿದಳು. “ಮೊನ್ನೆ ದಾಖಲೆ ವಿಷಯಕ್ಕೆ ಸ್ವಲ್ಪ ಜಾಸ್ತಿ ಮಾತಾಡಿಬಿಟ್ಟೆ ಅನ್ಸುತ್ತೆ” ಎಂದಳು. ಅಷ್ಟೇ. ಎರಡು ಸಲ ಫೋನ್ ಮಾಡಿದಳು. ಅತ್ತ ಕಡೆಯಿಂದ ಯಾರೂ ಎತ್ತಲಿಲ್ಲ.

ಈಗ ಹೆಂಡತಿ ಪೂರ್ತಿ ಅವನವಳು. ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಅವನು ತಾಯಿ ಕೂರುತ್ತಿದ್ದ ಕುರ್ಚಿಯಲ್ಲೇ ಹೋಗಿ ಕೂತ. ಅವಳು ಎಂದಿನಂತೆ ಮಾತಾಡಿದಳು. ಗ್ಯಾಸ್ ಮುಗೀತಾ ಬಂದಿದೆ. ಮಗಳ ಬೂಟು ಕಚ್ಚುತ್ತಂತೆ. ನಾಳೆ ಬರೋವಾಗ ಈರುಳ್ಳಿ ತಾ. ಹೀಗೇ ಒಂದು ವಾರ ಕಳೆಯಿತು. ಗದ್ದಲವಿಲ್ಲ, ವಾದವಿಲ್ಲ, ನಗುವೂ ಇಲ್ಲ. ಒಂಬತ್ತು ವರ್ಷ ತಾನು ನೆಮ್ಮದಿ ಎಂದುಕೊಂಡಿದ್ದ ಆ ಸದ್ದಿಲ್ಲದ ಮನೆ ಈಗ ಅವನಿಗೆ ಕರೆಂಟು ಹೋದ ಲಿಫ್ಟಿನಷ್ಟು ಉಸಿರುಗಟ್ಟಿಸಿತು.

ಭಾನುವಾರ ಬೆಳಿಗ್ಗೆ, ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಾಗ, ಅವನು ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟ.

“ಯಾಕೋ ಮಣಿಕಟ್ಟು ನೋಯ್ತಿದೆ. ಕೇಬಲ್ ಎಳೆದಾಗ ಉಳುಕಿರಬೇಕು.”

ಹೆಂಡತಿ ಎದುರು ಕೂತು ಕೈ ತೆಗೆದುಕೊಂಡಳು. ಮೂಳೆ ಮೂಳೆ ಒತ್ತಿ ನೋಡಿದಳು. ಬೆರಳು ಮಡಿಸಿದಳು, ಬಿಚ್ಚಿದಳು, ಮುಂಗೈ ತಿರುಗಿಸಿದಳು. ಎಷ್ಟು ದಿನದಿಂದ ಅವನು ಇದಕ್ಕೆ ಕಾದಿದ್ದನೋ. ಎದೆ ಸ್ವಲ್ಪ ಹಗುರಾಗಿ, ಬಾಯಿ ತಾನಾಗಿ ಜಾರಿತು: “ನಿಮ್ಮ ತಾತನ ಬಗ್ಗೆ ಏನಾದ್ರೂ ಹೇಳು. ಆ ಸುಟ್ಟ ಕೈ...”

ಅವಳ ಬೆರಳುಗಳು ನಿಂತವು.

“ತಾತನ ಕೈ ವಿಷಯ ನಿನಗ್ಯಾರು ಹೇಳಿದ್ರು?”

ಅವನು ಬಾಗಿಲ ಕಡೆ ನೋಡಿದ.

“ಬಾಗಿಲಾಚೆ ನಿಂತು ಕೇಳ್ತಿದ್ದೆಯಾ?”

ಅವಳು ಅವನ ಕೈಯನ್ನು ಮೇಜಿನ ಮೇಲೆ ಇಟ್ಟಳು, ಯಾರದೋ ವಸ್ತುವನ್ನು ಹಿಂದಿರುಗಿಸುವಂತೆ. “ಈ ಕೈಗೆ ಏನೂ ಆಗಿಲ್ಲ. ಅತ್ತೆ ತಾವಾಗೇ ಹೋದ್ರಾ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಅದು ಹಿಂದಕ್ಕೆ ಹೋಯಿತು. ಅವನು ನಡೆದದ್ದನ್ನೆಲ್ಲ ಹೇಳಿದ, ಆ ‘ಹೂಂ’ ಸಮೇತ. ಕೊನೆಗೆ ತನ್ನದೇನೂ ತಪ್ಪಿಲ್ಲ ಎಂಬಂತೆ, “ನಿನಗೋಸ್ಕರ ನಾನು ಹೆತ್ತ ತಾಯೀನೇ ಬಿಟ್ಟಿದ್ದೆ. ನೀನು ನನ್ನ ಬಿಟ್ಟು ಅವಳ ಹತ್ರ...” ಎಂದ.

“ಒಂಬತ್ತು ವರ್ಷದಿಂದ ಇದನ್ನೇ ಕೇಳ್ತಿದೀನಿ” ಎಂದಳು ಅವಳು. ಧ್ವನಿ ಏರಿರಲಿಲ್ಲ. “ನಾನು ಬಿಡು ಅಂದಿದ್ನಾ? ನಮ್ಮ ಮದುವೆಯಾದ ಮೊದಲನೇ ತಿಂಗಳು ಬೆಳಿಗ್ಗೆ ನಾನು ಪ್ರಾರ್ಥನೆ ಮಾಡ್ತಿದ್ದೆ. ನೀನು ಬಾಗಿಲಲ್ಲಿ ನಿಂತು ‘ಲೈನ್ ಸಿಕ್ತಾ, ಎಂಗೇಜ್ ಬರ್ತಿದೆಯಾ’ ಅಂದೆ. ನೆನಪಿದೆಯಾ?”

“ತಮಾಷೆಗೆ ಅಂದಿದ್ದು...”

“ಗೊತ್ತು. ಅವತ್ತಿಂದ ಆಸ್ಪತ್ರೇಲಿ, ನಾಲ್ಕನೇ ಮಹಡಿಯ ಬಟ್ಟೆ ಕೋಣೇಲಿ ಮಾಡ್ತೀನಿ. ಹೊದಿಕೆಗಳ ಮಧ್ಯೆ.”

ಆ ಕೋಣೆ ಅವನಿಗೆ ಗೊತ್ತು. ಲಿಫ್ಟಿನ ಬಾಗಿಲಿಗೆ ಎದುರೇ ಇದೆ. ಒಂಬತ್ತು ವರ್ಷದಲ್ಲಿ ಅದರ ಮುಂದೆ ಎಷ್ಟು ಸಲ ಚೀಲ ಇಟ್ಟುಕೊಂಡು ಕೂತಿದ್ದನೋ, ಲೆಕ್ಕವಿಲ್ಲ.

“ನಿಮ್ಮಮ್ಮ ನನ್ನ ಬಣ್ಣ ನೋಡ್ತಾರೆ, ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರೆ. ಅವರಿಗೆ ನಾನು ತಿರುಗಿಸಿ ಕೊಡಬಹುದು. ನೀನು ನೋಡೋದೇ ಇಲ್ಲ ಅಂತ ಹೆಮ್ಮೆಪಡ್ತೀಯ. ನೋಡದೇ ಇರೋನ ಹತ್ರ ನಾನೇನಂತ ಹೇಳ್ಲಿ? ಮಗಳ ವಿಷಯಾನೂ ಕೇಳಿಸ್ಕೊಂಡಿದೀಯ ತಾನೆ? ಹೇಳಿದ್ರೆ ನೀನು ಶಾಲೆಗೆ ಹೋಗಿ ಕೂಗಾಡ್ತಿದ್ದೆ. ಆಮೇಲೆ ಮನೆಗೆ ಬಂದು ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಿದ್ದೆ. ನಾನು ಅವಳನ್ನ ಸಮಾಧಾನ ಮಾಡ್ಲಾ, ನಿನ್ನನ್ನ ಸಮಾಧಾನ ಮಾಡ್ಲಾ?”

“ಹೋಗು” ಎಂದಳು ಅವಳು. “ಮೊದಲು ಅಲ್ಲಿ ಹೋಗಿ ನಿಜ ಹೇಳಿ ಬಾ.”

ತಾಯಿ ಬಾಗಿಲು ತೆರೆದದ್ದು ಎಡಗೈಯಲ್ಲಿ. ಬಲಗೈ ಬೆರಳುಗಳು ಮತ್ತೆ ಊದಿಕೊಂಡಿದ್ದವು. ಅವನು ನಿಂತಲ್ಲೇ ಹೇಳಿ ಮುಗಿಸಿದ. ಅವಳು ಆಶ್ಚರ್ಯಪಡಲಿಲ್ಲ.

“ಅವಳು ಹಾಗಂದಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಅವಳಿಗೆ ಸುಸ್ತಾದ್ರೆ ಮುಖದ ಮೇಲೇ ಹೇಳ್ತಾಳೆ.”

“ಮತ್ತೆ ಯಾಕೆ ಬಂದೆ? ಫೋನ್ ಯಾಕೆ ಎತ್ತಲಿಲ್ಲ?”

“ಎತ್ತಿದ್ರೆ ನಿನ್ನ ಸುಳ್ಳನ್ನ ಅವಳಿಗೆ ಹೇಳ್ಬೇಕಾಗ್ತಿತ್ತು. ಹೋಗು ಅಂದಿದ್ದು ನೀನಲ್ವಾ? ಅದು ನಿನ್ನ ಮನೇನೂ ತಾನೆ.” ಅವಳು ಕುರ್ಚಿ ತೋರಿಸಿದಳು. “ಹೊಟ್ಟೆಕಿಚ್ಚು ನಿನಗೆ ಚಿಕ್ಕಂದಿನಿಂದ. ತಂಗಿ ಹುಟ್ಟಿದಾಗ ಅವಳನ್ನ ಪಕ್ಕಕ್ಕೆ ತಳ್ಳಿ ತೊಟ್ಟಿಲಲ್ಲಿ ಮಲಗಿದ್ದೆ. ನಾಲ್ಕು ವರ್ಷದ ಕತ್ತೆ. ತೊಟ್ಟಿಲ ಹಗ್ಗ ಕಿತ್ತುಹೋಯ್ತು.”

ಅವನು ಕೂತು ಅತ್ತ. ತಾಯಿ ತಲೆ ಸವರಲಿಲ್ಲ. ಒಂದು ಲೋಟ ನೀರು ತಂದಿಟ್ಟಳು, ಎಡಗೈಯಲ್ಲಿ, ಅರ್ಧ ಚೆಲ್ಲಿ. ಮತ್ತೆ ಮನೆಗೆ ಬಾ ಎಂದು ಕರೆದರೆ ಒಪ್ಪಲಿಲ್ಲ. “ಅವಳೇ ಇಲ್ಲಿಗೆ ಬರ್ಲಿ. ಇಲ್ಲಿ ಬಾಗಿಲಾಚೆ ನಿಲ್ಲೋರು ಯಾರೂ ಇಲ್ಲ.”

ಹೆಂಡತಿ ವಾರಕ್ಕೆ ಮೂರು ಸಂಜೆ ಅಲ್ಲಿಗೆ ಹೋಗತೊಡಗಿದಳು. ಅವನೊಂದಿಗೆ ಕೆಲವು ದಿನ ಮಾತು ಬೇಕಾದಷ್ಟಕ್ಕೆ ಮಾತ್ರ. ಅಷ್ಟರಲ್ಲಿ ಚುನಾವಣೆ ಬಂದು ಹೋಯಿತು. ಮತ ಹಾಕಿದ ಸಂಜೆಯೇ ಅತ್ತೆ ಸೊಸೆಗೆ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳಂತೆ: “ನಾನು ಆ ದಾಖಲೆ ಪಕ್ಷಕ್ಕೇ ಹಾಕಿದೆ. ನಿನ್ನ ಹತ್ರ ಮುಚ್ಚಿಡಲ್ಲ. ನಮ್ಮ ಬೀದಿಗೆ ಬೇರೆ ಯಾರೂ ಕಾಲಿಟ್ಟೂ ನೋಡಿಲ್ಲ.” ಸೊಸೆ ಟವೆಲು ಮೇಜಿನ ಮೇಲೆ ಬಿಟ್ಟು ಎದ್ದುಬಂದಳು. ಒಂಬತ್ತು ದಿನ ಆ ಕಡೆ ತಲೆ ಹಾಕಲಿಲ್ಲ.

ನಿಜ ಹೇಳಬೇಕೆಂದರೆ ಆ ಒಂಬತ್ತು ದಿನ ಲಿಫ್ಟಣ್ಣ ಖುಷಿಯಾಗಿದ್ದ. ದಿನಾ ಗಡ್ಡ ಬೋಳಿಸಿಕೊಂಡ. ಲಿಫ್ಟಿನ ಗುಂಡಿಗೆ ಇಳಿದು ಕಸ ಎತ್ತುವಾಗ ಶಿಳ್ಳೆ ಹಾಕಿದ. ಹೆಂಡತಿ ಸಿಂಕಿನ ಮುಂದೆ ಬೆನ್ನು ತಿರುಗಿಸಿ ನಿಂತು ಅಳುವುದನ್ನು ಕಂಡ ದಿನ ಶಿಳ್ಳೆ ನಿಂತಿತು. ಏನು ಹೇಳಬೇಕೆಂದು ತಿಳಿಯದೆ ಪಾತ್ರೆ ಒರೆಸಲು ನಿಂತ.

ಹತ್ತನೇ ದಿನ ಅವಳು ಬೂಟು ಹಾಕಿಕೊಂಡಳು. “ಬೆರಳು ಸೆಟೆದುಹೋದ್ರೆ ಆಮೇಲೆ ಬಗ್ಗಲ್ಲ. ಅವರ ವೋಟಿಗೂ ಬೆರಳಿಗೂ ಸಂಬಂಧ ಇಲ್ಲ.”

“ಹಾಕಿದ್ದು ಆ ಬೆರಳಲ್ಲೇ ಅಲ್ವಾ” ಎಂದ ಅವನು, ಯೋಚಿಸದೆ.

ಅವಳು ತಿರುಗಿ ನೋಡಿದಳು. ಆಮೇಲೆ ಅವಳ ತುಟಿಯ ಒಂದು ಮೂಲೆ ಮೇಲೆದ್ದಿತು. “ಬಾ, ಬಸ್ ಸ್ಟಾಪಿನವರೆಗೆ” ಎಂದಳು.

ದಾರಿಯಲ್ಲಿ ಅವನು ಅಮ್ಮ ಕೆಟ್ಟವಳಲ್ಲ ಎಂದ. ನಾನು ಕೆಟ್ಟವರು ಅಂದ್ನಾ, ತಪ್ಪು ಮಾಡಿದಾರೆ ಅಂದೆ ಎಂದಳು. ಎಲ್ಲ ಪಕ್ಷವೂ ಒಂದೇ ಎಂದ. ನಿನಗೆ ಒಂದೇ, ಯಾಕಂದ್ರೆ ನಿನ್ನ ಬಾಗಿಲು ಯಾರೂ ತಟ್ಟಲ್ಲ ಎಂದಳು. ಅವನೂ ಬಿಡಲಿಲ್ಲ, ದೇವರ ಹೆಸರಲ್ಲಿ ನಿಮ್ಮೋರೂ ಕಡಿಮೆಯೇನಿಲ್ಲ ಎಂದುಬಿಟ್ಟ. ನಡುಬೀದಿಯಲ್ಲಿ ಅವಳು ನಿಂತು ಅವನ ಮೇಲೆ ಕೂಗಿದಳು. ಔಷಧಿ ಅಂಗಡಿಯಿಂದ ಇಬ್ಬರು ಹೊರಗೆ ಬಂದು ನೋಡಿದರು. ಅವನ ಕಿವಿ ಕೆಂಪಾಯಿತು, ಕೋಪವೂ ಬಂತು. ಮೂರು ಬಸ್ಸು ಬಂದು ಹೋದರೂ ಮಾತು ಮುಗಿಯಲಿಲ್ಲ.

ಅದಾಗಿ ವರ್ಷ ಕಳೆದಿದೆ. ತಾಯಿಯ ಕೈ ಮುಕ್ಕಾಲು ಪಾಲು ಸರಿಹೋಗಿದೆ. ಸೊಸೆ ಈಗಲೂ ಹೋಗುತ್ತಾಳೆ, ವ್ಯಾಯಾಮದ ನೆಪ ಬೇಕಿಲ್ಲ. ಅವನು ಜೊತೆಗೆ ಹೋದರೆ ಇಬ್ಬರೂ ಮಾತು ನಿಲ್ಲಿಸುವುದಿಲ್ಲ, ಆದರೆ ಅವನು ಬಾಯಿ ಹಾಕಿದರೆ ಇಬ್ಬರೂ ಸೇರಿ ಅವನನ್ನೇ ಹಣಿಯುತ್ತಾರೆ. ಅವಳು ಬೆಳಿಗ್ಗೆ ಮಲಗುವ ಕೋಣೆಯಲ್ಲೇ ಪ್ರಾರ್ಥನೆ ಮಾಡುತ್ತಾಳೆ; ಆ ಹೊತ್ತಿನಲ್ಲಿ ಅವನು ಲೋಟದ ಸದ್ದಾಗದಂತೆ ಚಹಾ ಮಾಡುತ್ತಾನೆ. ಮುಚ್ಚಿದ ಬಾಗಿಲ ಕಡೆ ನೋಡುವಾಗ ಆ ದೇವರ ಮೇಲೂ ಅವನಿಗೆ ಸಣ್ಣಗೆ ಉರಿಯುತ್ತದೆ.

ಮೊನ್ನೆ ಶನಿವಾರ ಅವಳು ಕೆಲಸದಿಂದ ಬಂದು, ಬೂಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತಳು. ಅವನು ಸೊಪ್ಪು ಬಿಡಿಸುತ್ತಿದ್ದ.

“ಇವತ್ತು ಒಂದು ವಿಷಯ ಆಯ್ತು” ಎಂದಳು. “ಅತ್ತೆಗೆ ಇನ್ನೂ ಹೇಳಿಲ್ಲ.”

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಅವನೊಳಗೆ ಎಂಥದೋ ಉಬ್ಬಿಬಂದು ಮುಂದಿನ ಎರಡು ವಾಕ್ಯ ಕೇಳಿಸಲೇ ಇಲ್ಲ.

“ಏನಂದೆ? ಇನ್ನೊಂದು ಸಲ ಹೇಳು.”

ಅವಳು ಮತ್ತೆ ಹೇಳಿದಳು. ಒಬ್ಬ ರೋಗಿ, ವಯಸ್ಸಾದ ಹೆಂಗಸು, ಇವಳು ಮುಟ್ಟುವುದು ಬೇಡ, ಬೇರೆ ಯಾರನ್ನಾದರೂ ಕಳಿಸಿ ಎಂದಿದ್ದಳು. ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ.

ಯಾರು, ಯಾವ ವಾರ್ಡು, ನಾಳೆಯೇ ಹೋಗಿ ವಿಚಾರಿಸುತ್ತೇನೆ ಎಂಬ ಮಾತು ಗಂಟಲವರೆಗೆ ಬಂತು. ಅವಳು ಅವನನ್ನೇ ನೋಡುತ್ತಿದ್ದಳು, ಸ್ವಲ್ಪ ಭಯದಿಂದ, ಹೇಳಿ ತಪ್ಪು ಮಾಡಿದೆನೇನೋ ಎಂಬಂತೆ. ಅವನು ನಾಲಿಗೆ ಕಚ್ಚಿಕೊಂಡ. ಕೈಯಲ್ಲಿದ್ದ ಸೊಪ್ಪಿನ ಕಂತೆಯನ್ನು ತಟ್ಟೆಗೆ ಹಾಕಿ, ಕುರ್ಚಿ ಎಳೆದುಕೊಂಡು ಅವಳೆದುರು ಕೂತ.

“ನೀನೇನಂದೆ ಅವಳಿಗೆ?” ಎಂದು ಕೇಳಿದ.